ಅಮ್ಮನ ಜೊತೆ ಜಪಾನಿಗೆ: ಹೊರಡುವ ಮುನ್ನ ಮಾಡಬೇಕಾದದ್ದು, ಅಲ್ಲಿ ನಡೆದುಕೊಳ್ಳಬೇಕಾದದ್ದು

ಕ್ಯೋಟೊದ ಒಂದು ಸಣ್ಣ ವಸತಿಗೃಹದ ಬಾಗಿಲಲ್ಲಿ ನಾನೂ ಅಮ್ಮನೂ ಚಪ್ಪಲಿ ಬಿಟ್ಟು ಒಳಗೆ ಹೋದೆವು. ಅರ್ಧ ಗಂಟೆ ಬಿಟ್ಟು ಹೊರಗೆ ಹೊರಟಾಗ ನೋಡಿದರೆ, ನಮ್ಮ ಚಪ್ಪಲಿಗಳು ಬೀದಿಯ ಕಡೆ ಮುಖ ಮಾಡಿ, ಜೋಡಿಯಾಗಿ, ಕಾಲು ತೂರಿಸಿದರೆ ಸಾಕು ಎನ್ನುವ ಹಾಗೆ ಕಾದಿದ್ದವು. ಮನೆಯ ಯಜಮಾನತಿ ತಿರುಗಿಸಿ ಇಟ್ಟಿದ್ದರು. ಅಮ್ಮ ಒಂದು ಗಳಿಗೆ ಅಲ್ಲೇ ನಿಂತಳು. "ನಮ್ಮಲ್ಲಿ ಬಂದವರಿಗೆ ಕಾಲು ತೊಳೆಯೋಕೆ ನೀರು ಕೊಡ್ತಿದ್ರಲ್ಲ, ಹಾಗೇ ಇದೂ," ಅಂದಳು.

ಜಪಾನ್ ಅಂದರೆ ನೂರೆಂಟು ನಿಯಮ, ಒಂದು ತಪ್ಪಿದರೂ ಅವಮಾನ ಎಂದು ತುಂಬ ಜನ ಹೆದರಿರುತ್ತಾರೆ. ಅಷ್ಟು ಹೆದರಬೇಕಾಗಿಲ್ಲ. ಹೊಸಿಲಲ್ಲಿ ಚಪ್ಪಲಿ ಬಿಡುವುದು, ಎಂಜಲು ಮಾಡದಿರುವುದು, ಕೈ ತೊಳೆದು ದೇವರ ಮುಂದೆ ನಿಲ್ಲುವುದು ನಮ್ಮ ಮನೆಗಳಲ್ಲಿ ಬೆಳೆದವರಿಗೆ ಹೊಸದೇ? ಹೊಸದಾಗಿ ಕಲಿಯಬೇಕಾದದ್ದು ಒಂದು ಮಾತು: 'ಮೇವಾಕು'. ನಮ್ಮಿಂದ ಇನ್ನೊಬ್ಬರಿಗೆ ಆಗುವ ತೊಂದರೆ, ಕಿರಿಕಿರಿ ಎಂದು ಅದರ ಅರ್ಥ. ಅಲ್ಲಿಯ ಬಹುಪಾಲು ಶಿಷ್ಟಾಚಾರ ಈ ಮಾತಿನಿಂದಲೇ ಹುಟ್ಟಿದೆ. ಯಾವ ನಿಯಮ ಮರೆತರೂ 'ಪಕ್ಕದವರಿಗೆ ಇದರಿಂದ ತೊಂದರೆಯಾ?' ಎಂದು ಕೇಳಿಕೊಳ್ಳಿ. ಹತ್ತರಲ್ಲಿ ಎಂಟು ಸಲ ಸರಿಯಾಗಿಯೇ ನಡೆದುಕೊಳ್ಳುತ್ತೀರಿ.

ಈ ಬರಹ ಮೊದಲ ಸಲ ಹೋಗುವವರಿಗೆ. ಅದರಲ್ಲೂ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ, ಸಸ್ಯಾಹಾರಿಗಳಿಗೆ.

ಮೊದಲು ದಿನ ಗೊತ್ತು ಮಾಡಿ

ಟೋಕಿಯೊ, ಕ್ಯೋಟೊ ಕಡೆ ಚೆರ್ರಿ ಹೂವು ಅರಳುವುದು ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೆ. ಹೂವು ಪೂರ್ತಿ ಅರಳಿ ನಿಲ್ಲುವುದು ಒಂದು ವಾರ ಅಷ್ಟೇ. ಆಗ ಕೋಣೆ ಬಾಡಿಗೆ ವಿಪರೀತ ಏರುತ್ತದೆ. ನನ್ನನ್ನು ಕೇಳಿದರೆ ನವೆಂಬರ್ ಮಧ್ಯದಿಂದ ಡಿಸೆಂಬರ್ ಮೊದಲ ವಾರದೊಳಗೆ ಹೋಗಿ. ಮೇಪಲ್ ಎಲೆಗಳು ಕೆಂಪಾಗಿರುತ್ತವೆ, ಆಕಾಶ ತಿಳಿಯಾಗಿರುತ್ತದೆ, ಒಂದು ಸ್ವೆಟರ್ ಮೇಲೊಂದು ಜಾಕೆಟ್ ಇದ್ದರೆ ವಯಸ್ಸಾದವರೂ ಆರಾಮಾಗಿ ನಡೆಯಬಹುದು.

ತಪ್ಪಿಸಬೇಕಾದ ದಿನಗಳೂ ಇವೆ. ಏಪ್ರಿಲ್ 29ರಿಂದ ಮೇ ಮೊದಲ ವಾರದವರೆಗಿನ ಸಾಲು ರಜೆ 'ಗೋಲ್ಡನ್ ವೀಕ್', ಆಗಸ್ಟ್ ಮಧ್ಯದ 'ಒಬೊನ್'. ಒಬೊನ್ ಅವರ ಪಿತೃಪಕ್ಷ ಇದ್ದಂತೆ, ಜನರೆಲ್ಲ ಊರಿಗೆ ಹೊರಟಿರುತ್ತಾರೆ. ದೀಪಾವಳಿಗೆ ಮೆಜೆಸ್ಟಿಕ್ ನೋಡಿದ್ದೀರಲ್ಲ, ಆ ದಿನಗಳಲ್ಲಿ ಅಲ್ಲಿಯ ರೈಲು ನಿಲ್ದಾಣಗಳೂ ಹಾಗೇ. ಹೊಸ ವರ್ಷದ ಆಸುಪಾಸು ತುಂಬ ಅಂಗಡಿ, ಮ್ಯೂಸಿಯಂಗಳು ಮುಚ್ಚಿರುತ್ತವೆ. ಜೂನ್ ಮಳೆಗಾಲ.

ಮೊದಲ ಸಲಕ್ಕೆ ಹತ್ತು ದಿನ ಸಾಕು. ಟೋಕಿಯೊ ನಾಲ್ಕು, ಕ್ಯೋಟೊ ಮತ್ತು ನಾರಾ ನಾಲ್ಕು, ಕೋಯಾಸಾನ್ ಎಂಬ ಬೆಟ್ಟದಲ್ಲಿ ಒಂದು ರಾತ್ರಿ, ಒಸಾಕಾದಲ್ಲಿ ಒಂದು. ಕೋಯಾಸಾನ್ ಯಾಕೆ ಎಂದು ಊಟದ ವಿಷಯಕ್ಕೆ ಬಂದಾಗ ಹೇಳುತ್ತೇನೆ.

ವೀಸಾ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಮೊದಲೇ ವೀಸಾ ಬೇಕು. ಬೆಂಗಳೂರಿನ ವಿಎಫ್‌ಎಸ್ ಕೇಂದ್ರದಲ್ಲಿ ಅರ್ಜಿ ಕೊಡಬಹುದು. 2024ರ ಏಪ್ರಿಲ್‌ನಿಂದ ಪ್ರವಾಸಿಗರಿಗೆ ಇ-ವೀಸಾ ಬರುತ್ತಿದೆ. ಅರ್ಜಿ, ಫೋಟೊ, ದಿನದಿನದ ಕಾರ್ಯಕ್ರಮ, ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್ ಮುಖ್ಯ ದಾಖಲೆಗಳು. ಅಪ್ಪ ಅಮ್ಮನ ಖರ್ಚು ನಿಮ್ಮದೇ ಆದರೆ ಅದನ್ನು ಪತ್ರದಲ್ಲಿ ಬರೆದು, ಸಂಬಂಧ ತೋರಿಸುವ ದಾಖಲೆ ಸೇರಿಸಿ. ನಿಮ್ಮ ಪಾಸ್‌ಪೋರ್ಟ್‌ನ ಕೊನೇ ಪುಟದಲ್ಲಿ ಅವರ ಹೆಸರು ಇದ್ದರೆ ಅದರ ಪ್ರತಿಯೂ ಇರಲಿ.

ಎರಡು ವಿಷಯ ಗಮನದಲ್ಲಿಡಿ. ಒಂದು, ವೀಸಾ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಜಪಾನಿಗೆ ಕಾಲಿಡಬೇಕು. ಹಾಗಾಗಿ ನಾಲ್ಕೈದು ತಿಂಗಳು ಮೊದಲೇ ಅರ್ಜಿ ಹಾಕಿ ಕೂರಬೇಡಿ. ಒಂದೂವರೆ ತಿಂಗಳು ಮೊದಲು ಹಾಕಿದರೆ ಸರಿ. ಎರಡು, ಇ-ವೀಸಾವನ್ನು ಫೋನಿನಲ್ಲಿ, ಇಂಟರ್ನೆಟ್ ಹಾಕಿಕೊಂಡು, ಅವರ ವೆಬ್‌ಸೈಟಿನಲ್ಲೇ ತೆರೆದು ತೋರಿಸಬೇಕು. ಪ್ರಿಂಟ್ ತೆಗೆದ ಹಾಳೆ, ಸ್ಕ್ರೀನ್‌ಶಾಟ್ ನಡೆಯಲ್ಲ. ಅಮ್ಮನ ವೀಸಾ ಅಮ್ಮನ ಫೋನಿನಲ್ಲೇ ತೆರೆಯುವಂತೆ ಮಾಡಿ, ಊರಲ್ಲೇ ಎರಡು ಸಲ ಅಭ್ಯಾಸ ಮಾಡಿಸಿ.

'ವಿಸಿಟ್ ಜಪಾನ್ ವೆಬ್' ಎಂಬ ಸರ್ಕಾರಿ ತಾಣದಲ್ಲಿ ವಿವರ ತುಂಬಿದರೆ ಕ್ಯೂಆರ್ ಕೋಡ್ ಬರುತ್ತದೆ. ಇಮಿಗ್ರೇಷನ್‌ಗೂ ಕಸ್ಟಮ್ಸ್‌ಗೂ ಅದೇ. ಹೊರಡುವ ಹಿಂದಿನ ವಾರವೇ ತುಂಬಿಡಿ.

ಪೆಟ್ಟಿಗೆ ಕಟ್ಟುವಾಗ

ಅಲ್ಲಿಯ ಕರೆಂಟ್ 100 ವೋಲ್ಟ್. ಪ್ಲಗ್ಗಿಗೆ ಎರಡು ಚಪ್ಪಟೆ ಕಡ್ಡಿ. ನಮ್ಮ ದುಂಡು ಪಿನ್ ಹೋಗುವುದಿಲ್ಲ, ಅಡಾಪ್ಟರ್ ಬೇಕು. ಫೋನ್ ಚಾರ್ಜರ್ ಕೆಲಸ ಮಾಡುತ್ತದೆ. ನೀರು ಕಾಯಿಸುವ ಕಾಯಿಲ್ ಒಯ್ಯಬೇಡಿ, ಅಷ್ಟು ವೋಲ್ಟಿಗೆ ಅದು ಸರಿಯಾಗಿ ಕಾಯುವುದಿಲ್ಲ. ಹೇಗೂ ಹೋಟೆಲ್ ಕೋಣೆಗಳಲ್ಲಿ ಸಾಮಾನ್ಯವಾಗಿ ಕೆಟಲ್ ಇರುತ್ತದೆ.

ಮಾತ್ರೆಗಳ ವಿಷಯದಲ್ಲಿ ಜಪಾನ್ ತುಂಬ ಕಟ್ಟುನಿಟ್ಟು. ಬಿಪಿ, ಶುಗರ್ ಮಾತ್ರೆಗಳನ್ನು ಒಂದು ತಿಂಗಳಿಗೆ ಆಗುವಷ್ಟು ಒಯ್ಯಬಹುದು. ಸ್ಟ್ರಿಪ್ಪಿನಿಂದ ಬಿಡಿಸಬೇಡಿ, ಡಾಕ್ಟರ್ ಚೀಟಿ ಜೊತೆಗಿರಲಿ. ಕೊಡೀನ್ ಇರುವ ಕೆಮ್ಮಿನ ಸಿರಪ್, ಸೂಡೊಎಫೆಡ್ರಿನ್ ಇರುವ ನೆಗಡಿ ಮಾತ್ರೆ ಪ್ರಮಾಣ ಮೀರಿದರೆ ಕಾನೂನಿನ ತೊಂದರೆಗೆ ಸಿಕ್ಕಿಸುತ್ತವೆ. ಅವನ್ನು ಮನೆಯಲ್ಲೇ ಬಿಡುವುದು ಒಳ್ಳೆಯದು. ಇನ್ಸುಲಿನ್ ಪೆನ್ ಇದ್ದರೆ ಡಾಕ್ಟರ್ ಪತ್ರ ಇಂಗ್ಲಿಷಿನಲ್ಲಿರಲಿ.

ಹಸಿ ಹಣ್ಣು, ತರಕಾರಿ, ಕರಿಬೇವು, ಮಾಂಸ ಒಯ್ಯಬೇಡಿ. ಕಂಪನಿ ಪ್ಯಾಕೆಟ್ಟಿನ ಉಪ್ಪಿಟ್ಟು, ಅವಲಕ್ಕಿ ಮಿಕ್ಸ್, ಚಟ್ನಿಪುಡಿ, ಉಪ್ಪಿನಕಾಯಿ ಇಟ್ಟುಕೊಳ್ಳಿ. ಅನುಮಾನ ಇದ್ದರೆ ಕಸ್ಟಮ್ಸ್ ಅರ್ಜಿಯಲ್ಲಿ ಬರೆದು ತೋರಿಸಿಬಿಡಿ. ಮುಚ್ಚಿಟ್ಟು ಸಿಕ್ಕಿಬೀಳುವುದಕ್ಕಿಂತ ಅದು ಎಷ್ಟೋ ಮೇಲು.

ಶೂ ಬಗ್ಗೆ ಒಂದು ಮಾತು. ದಿನಕ್ಕೆ ಹತ್ತು ಸಲ ಬಿಚ್ಚಿ ಹಾಕಬೇಕಾಗುತ್ತದೆ. ದಾರ ಕಟ್ಟುವ ಶೂ ಬಿಟ್ಟು, ಸುಮ್ನೆ ಕಾಲು ತೂರಿಸುವಂಥದ್ದು ತೊಗೊಳ್ಳಿ. ತೂತಿಲ್ಲದ, ಶುಭ್ರವಾದ ಕಾಲುಚೀಲ ಜಾಸ್ತಿಯೇ ಇರಲಿ. ಜೊತೆಗೆ ಒಂದು ಸಣ್ಣ ಕೈಚೌಕ, ಯಾಕೆಂದರೆ ಅಲ್ಲಿಯ ಎಷ್ಟೋ ಸಾರ್ವಜನಿಕ ಶೌಚಾಲಯಗಳಲ್ಲಿ ಕೈ ಒರೆಸಲು ಏನೂ ಇರುವುದಿಲ್ಲ. ಹಾಗೇ ಕಸಕ್ಕೊಂದು ಪ್ಲಾಸ್ಟಿಕ್ ಚೀಲ.

ಇಳಿದ ಮೇಲೆ ಮೊದಲ ಎರಡು ಗಂಟೆ

ಬೆಂಗಳೂರಿನಿಂದ ಟೋಕಿಯೊದ ನಾರಿಟಾಗೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನ ಇದೆ, ಎಂಟು ಗಂಟೆ ಚಿಲ್ಲರೆ ಪ್ರಯಾಣ. ಸಸ್ಯಾಹಾರದ ಊಟ ಬೇಕೆಂದು ಟಿಕೆಟ್ ಮಾಡುವಾಗಲೇ ಹೇಳಿಡಿ. ಅಲ್ಲಿಯ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ.

ಹೊರಗೆ ಬಂದ ಮೇಲೆ ಮೂರು ಕೆಲಸ. ಇಂಟರ್ನೆಟ್ ಸರಿಯಾಗಿದೆಯೇ ನೋಡಿಕೊಳ್ಳಿ, ಇ-ಸಿಮ್ಮನ್ನು ಊರಲ್ಲೇ ಹಾಕಿಸಿಕೊಂಡಿದ್ದರೆ ಒಳ್ಳೆಯದು. ಸೆವೆನ್-ಇಲೆವೆನ್ ಅಂಗಡಿಯ ಎಟಿಎಂನಲ್ಲಿ ಸ್ವಲ್ಪ ನಗದು ತೆಗೆಯಿರಿ. ನಮ್ಮ ಅಂತರರಾಷ್ಟ್ರೀಯ ಕಾರ್ಡ್‌ಗಳು ಅಲ್ಲಿ ನಡೆಯುತ್ತವೆ. ಆಮೇಲೆ ತಲೆಗೊಂದು ಸುಯಿಕಾ ಅಥವಾ ಪಾಸ್ಮೊ ಕಾರ್ಡ್ ಮಾಡಿಸಿ. ದುಡ್ಡು ತುಂಬಿಸಿ ಗೇಟಿಗೆ ಮುಟ್ಟಿಸುವುದು, ನಮ್ಮ ಮೆಟ್ರೊ ಕಾರ್ಡಿನ ಹಾಗೇ. ಆದರೆ ಇದು ಬಸ್ಸಿಗೂ, ಬೇರೆ ಬೇರೆ ಕಂಪನಿಗಳ ರೈಲಿಗೂ, ಅಂಗಡಿಗೂ, ನೀರಿನ ಬಾಟಲಿ ಕೊಡುವ ಮೆಷಿನ್ನಿಗೂ ಆಗುತ್ತದೆ. ಪ್ರವಾಸಿಗರ 'ವೆಲ್‌ಕಮ್ ಸುಯಿಕಾ' 28 ದಿನ ನಡೆಯುತ್ತದೆ.

ನಾರಿಟಾ ಊರಿಂದ ಸುಮಾರು 60 ಕಿ.ಮೀ. ದೂರ. ಟ್ಯಾಕ್ಸಿ ಬೇಡ, ತುಂಬ ದುಬಾರಿ. ಉಯೆನೊ ಕಡೆ ಉಳಿದರೆ ಸ್ಕೈಲೈನರ್ ರೈಲು, ಟೋಕಿಯೊ ಸ್ಟೇಷನ್ ಅಥವಾ ಶಿಂಜುಕು ಕಡೆಯಾದರೆ ನಾರಿಟಾ ಎಕ್ಸ್‌ಪ್ರೆಸ್ ಹಿಡಿಯಿರಿ.

ಪಾಸ್‌ಪೋರ್ಟನ್ನು ಹೋಟೆಲಿನಲ್ಲಿ ಬಿಟ್ಟು ತಿರುಗಬೇಡಿ. ಪ್ರವಾಸಿಗರು ಅದನ್ನು ಯಾವಾಗಲೂ ಜೊತೆಯಲ್ಲಿ ಇಟ್ಟುಕೊಳ್ಳಬೇಕು ಎಂಬುದು ಅಲ್ಲಿಯ ಕಾನೂನು.

ರೈಲಿನಲ್ಲಿ

ಪ್ಲಾಟ್‌ಫಾರ್ಮಿನ ಮೇಲೆ ಬಾಗಿಲು ಎಲ್ಲಿ ಬರುತ್ತದೆ ಎಂದು ಗುರುತು ಹಾಕಿರುತ್ತಾರೆ. ಅದರ ಎರಡೂ ಪಕ್ಕ ಸಾಲು. ಇಳಿಯುವವರು ಪೂರ್ತಿ ಇಳಿಯುವವರೆಗೆ ಯಾರೂ ಹತ್ತುವುದಿಲ್ಲ. ಒಳಗೆ ಹೋದ ಮೇಲೆ ಬೆನ್ನಿನ ಚೀಲ ತೆಗೆದು ಎದೆಗೆ ಹಾಕಿಕೊಳ್ಳಿ ಅಥವಾ ಮೇಲಿಡಿ. ಫೋನ್ ಸೈಲೆಂಟ್ ಮಾಡಿ. ಫೋನಿನಲ್ಲಿ ಮಾತಾಡುವಂತಿಲ್ಲ, ಸ್ಪೀಕರ್ ಹಾಕಿ ವಿಡಿಯೊ ನೋಡುವುದಂತೂ ಬೇಡವೇ ಬೇಡ. ನಮ್ಮ ಮಾಮೂಲಿ ದನಿ ಅಲ್ಲಿ ಜೋರು ಅನಿಸುತ್ತದೆ. ಮನೆಯಲ್ಲಿ ಮಗು ಮಲಗಿದ್ದಾಗ ಹೇಗೆ ಮಾತಾಡುತ್ತೀರೋ ಹಾಗೆ ಮಾತಾಡಿ, ಸಾಕು.

ಎಸ್ಕಲೇಟರ್‌ನಲ್ಲಿ ಟೋಕಿಯೊದವರು ಎಡಕ್ಕೆ ನಿಲ್ಲುತ್ತಾರೆ, ಒಸಾಕಾದವರು ಬಲಕ್ಕೆ. ಮುಂದಿನವರನ್ನು ನೋಡಿ ನಿಂತರಾಯಿತು. ಕೆಲವು ರೈಲುಗಳಲ್ಲಿ ಜನದಟ್ಟಣೆಯ ಹೊತ್ತಿಗೆ ಹೆಂಗಸರ ಬೋಗಿ ಬೇರೆ ಇರುತ್ತದೆ, ಗಂಡಸರು ಬೋರ್ಡ್ ನೋಡಿ ಹತ್ತಿ. ಮಧ್ಯರಾತ್ರಿಯ ಹೊತ್ತಿಗೆ ಕೊನೇ ರೈಲು ಹೋಗಿಬಿಡುತ್ತದೆ.

ಈಗ ದುಡ್ಡಿನ ಲೆಕ್ಕ. 'ಜಪಾನ್ ರೈಲ್ ಪಾಸ್ ತೊಗೊಳ್ಳಿ, ಲಾಭ' ಎಂಬ ಹಳೇ ಸಲಹೆ ಈಗ ಎಲ್ಲರಿಗೂ ಹೊಂದುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ ಏಳು ದಿನದ ಪಾಸಿನ ಬೆಲೆ 29,650 ಯೆನ್‌ನಿಂದ 50,000 ಯೆನ್‌ಗೆ ಏರಿತು. ಟೋಕಿಯೊದಿಂದ ಕ್ಯೋಟೊಗೆ ಶಿಂಕಾನ್ಸೆನ್ (ಬುಲೆಟ್ ರೈಲು) ಟಿಕೆಟ್ ಒಂದು ಕಡೆಗೆ ಸುಮಾರು 14,000 ಯೆನ್. ಹೋಗಿ ಬಂದರೂ 28,000. ಹಾಗಾದರೆ ಪಾಸ್ ಯಾಕೆ, ಅಲ್ವಾ? ಬಿಡಿ ಟಿಕೆಟ್ಟೇ ತೊಗೊಳ್ಳಿ. ಟೋಕಿಯೊದಿಂದ ಹೋಗುವಾಗ ಬಲಗಡೆಯ 'ಇ' ಸೀಟು ಕೇಳಿ. ಮೋಡ ಇಲ್ಲದಿದ್ದರೆ ಮುಕ್ಕಾಲು ಗಂಟೆಯ ಹೊತ್ತಿಗೆ ಫುಜಿ ಬೆಟ್ಟ ಕಿಟಕಿ ತುಂಬ ಬರುತ್ತದೆ.

ದೊಡ್ಡ ಸೂಟ್‌ಕೇಸಿನ ಉದ್ದ, ಅಗಲ, ದಪ್ಪ ಕೂಡಿಸಿ 160 ಸೆಂ.ಮೀ. ದಾಟಿದರೆ ಈ ಮಾರ್ಗದ ಶಿಂಕಾನ್ಸೆನ್‌ನಲ್ಲಿ ಅದಕ್ಕೆಂದೇ ಇರುವ ಸೀಟು ಮೊದಲೇ ಕಾದಿರಿಸಬೇಕು. ಅದಕ್ಕಿಂತ ಒಳ್ಳೇ ದಾರಿ 'ತಕ್ಕ್ಯೂಬಿನ್'. ಈ ಹೋಟೆಲಿನ ಕೌಂಟರಿನಲ್ಲಿ ಸೂಟ್‌ಕೇಸ್ ಕೊಟ್ಟರೆ ಸಾಮಾನ್ಯವಾಗಿ ಮರುದಿನ ಮುಂದಿನ ಊರಿನ ಹೋಟೆಲಿಗೆ ತಲುಪಿಸುತ್ತಾರೆ. ವಯಸ್ಸಾದವರ ಜೊತೆ ಇದ್ದರೆ ಈ ಖರ್ಚಿಗೆ ಹಿಂದೆ ಮುಂದೆ ನೋಡಬೇಡಿ. ಒಂದು ರಾತ್ರಿಯ ಬಟ್ಟೆ, ಮಾತ್ರೆ ಕೈಚೀಲದಲ್ಲಿ ಇಟ್ಟುಕೊಳ್ಳಿ.

ಊಟ: ಸಸ್ಯಾಹಾರಿಗಳು ಗಮನವಿಟ್ಟು ಓದಿ

ಟೋಕಿಯೊದ ಒಂದು ಹೋಟೆಲಿನಲ್ಲಿ ಮಾಂಸ ಬೇಡ ಎಂದು ಹೇಳಿ ಕರಿದ ತೋಫು ತರಿಸಿದೆವು. ಬಿಸಿಬಿಸಿಯಾಗಿ ಬಂತು. ಮೇಲೆ ಮರದ ಹೆರೆಯಂಥ ತೆಳ್ಳನೆಯ ಚೂರುಗಳು, ಹಬೆಗೆ ಅಲ್ಲಾಡುತ್ತಿದ್ದವು. ಅಮ್ಮ ತುತ್ತೆತ್ತುವ ಮೊದಲು ನನಗೆ ಅನುಮಾನ ಬಂತು. ಕೇಳಿದೆ. ಒಣಮೀನಿನ ಹೆರೆ. ಅದನ್ನು 'ಕತ್ಸುಒಬುಶಿ' ಅನ್ನುತ್ತಾರೆ. ಹೋಟೆಲಿನವರು ಮೋಸ ಮಾಡಿದ್ದಲ್ಲ. ಮಾಂಸ ಬೇಡ ಅಂದಿದ್ದೆವು, ಮಾಂಸ ಹಾಕಿರಲಿಲ್ಲ. ಮೀನಿನ ಮಾತು ನಾವು ಎತ್ತಿರಲಿಲ್ಲ.

ವಿಷಯ ಇಷ್ಟು. ನಮ್ಮ ಅಡುಗೆಗೆ ಒಗ್ಗರಣೆ ಹೇಗೋ ಅವರ ಅಡುಗೆಗೆ 'ದಶಿ' ಹಾಗೆ. ಅದೊಂದು ತಿಳಿಸಾರು, ಹೆಚ್ಚಾಗಿ ಈ ಒಣಮೀನಿನಿಂದ ಮಾಡಿದ್ದು. ಮಿಸೊ ಸೂಪು, ಉಡೋನ್ ನೂಡಲ್ಸ್, ಬೇಯಿಸಿದ ತರಕಾರಿ, ಸೋಬಾ ನೂಡಲ್ಸಿನ ಜೊತೆ ಕೊಡುವ ಸಾಸ್, ಎಲ್ಲದರಲ್ಲೂ ಇರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ 'ನಾನು ವೆಜಿಟೇರಿಯನ್' ಅಂದರೆ ಸಾಲದು. ಏನೇನು ಬೇಡ ಎಂದು ಹೆಸರು ಹಿಡಿದು ಹೇಳಬೇಕು.

ಹೇಳುವುದು ಕನ್ನಡದವರಿಗೆ ಕಷ್ಟವಲ್ಲ. ಜಪಾನಿ ಭಾಷೆಯ ವಾಕ್ಯ ನಮ್ಮ ವಾಕ್ಯದ ಹಾಗೇ ಸಾಗುತ್ತದೆ, ಕ್ರಿಯಾಪದ ಕೊನೆಗೆ ಬರುತ್ತದೆ. 'ನಿಕು ಮೊ ಸಕಾನಾ ಮೊ ತಬೆಮಸೆನ್.' ನಿಕು ಅಂದರೆ ಮಾಂಸ, ಸಕಾನಾ ಅಂದರೆ ಮೀನು, ಎರಡು ಸಲ ಬಂದ 'ಮೊ' ನಮ್ಮ 'ಊ'. ಮಾಂಸವೂ ಮೀನೂ ತಿನ್ನುವುದಿಲ್ಲ. ಇನ್ನೊಂದು ನೋಡಿ: 'ಕೊರೆ ನಿ ಸಕಾನಾ ಗ ಹೈತ್ತೆ ಇಮಸು ಕ?' ಕೊರೆ ನಿ ಅಂದರೆ ಇದರಲ್ಲಿ, ಹೈತ್ತೆ ಅಂದರೆ ಸೇರಿ, ಇಮಸು ಅಂದರೆ ಇದೆ, ಕೊನೆಯ 'ಕ' ನಮ್ಮ ಪ್ರಶ್ನೆಯ 'ಆ'. 'ಇದರಲ್ಲಿ ಮೀನು ಸೇರಿ ಇದೆಯಾ?' ಪದಕ್ಕೆ ಪದ ಜೋಡಿಸಿದ ಹಾಗೆ ಕೂರುತ್ತದೆ. ಅಮ್ಮ ಎರಡನೇ ದಿನಕ್ಕೇ ಇದನ್ನು ಕಲಿತಳು, ಇಂಗ್ಲಿಷಿಗಿಂತ ಸುಲಭ ಅಂದಳು. ಇದೇ ಮಾತನ್ನು ಮೊಟ್ಟೆ, ದಶಿ ಎಲ್ಲ ಸೇರಿಸಿ ಜಪಾನಿ ಲಿಪಿಯಲ್ಲಿ ಒಂದು ಚೀಟಿಯಲ್ಲೂ ಬರೆಸಿಟ್ಟುಕೊಳ್ಳಿ. ಗದ್ದಲದ ಹೋಟೆಲಿನಲ್ಲಿ ಮಾತಿಗಿಂತ ಚೀಟಿ ವಾಸಿ.

ದಿನನಿತ್ಯದ ಊಟಕ್ಕೆ ನಾವು ಕಂಡುಕೊಂಡ ದಾರಿ ಹೇಳುತ್ತೇನೆ. ಬೀದಿ ಬೀದಿಯಲ್ಲೂ ಸೆವೆನ್-ಇಲೆವೆನ್, ಲಾಸನ್, ಫ್ಯಾಮಿಲಿಮಾರ್ಟ್ ಅಂಗಡಿಗಳಿವೆ. 'ಕೊನ್ಬಿನಿ' ಅನ್ನುತ್ತಾರೆ. ಅಲ್ಲಿ 'ಪಾಕ್ಕು ಗೋಹಾನ್' ಎಂದು ಡಬ್ಬಿಯಲ್ಲಿ ಬರಿ ಅನ್ನ ಸಿಗುತ್ತದೆ, ಎರಡು ನಿಮಿಷ ಮೈಕ್ರೊವೇವ್‌ನಲ್ಲಿಟ್ಟರೆ ಬಿಸಿ. ಸಕ್ಕರೆ ಹಾಕದ ಪ್ಲೇನ್ ಯೋಗರ್ಟ್ 400 ಗ್ರಾಂ ಡಬ್ಬಿಯಲ್ಲಿ ಸಿಗುತ್ತದೆ. ಎರಡನ್ನೂ ಕಲಸಿ, ಉಪ್ಪು ಹಾಕಿ, ಮನೆಯಿಂದ ತಂದ ಮಿಡಿ ಉಪ್ಪಿನಕಾಯಿ ನಂಚಿಕೊಳ್ಳಿ. ಅಲ್ಲಿಯ ಅಕ್ಕಿ ಸ್ವಲ್ಪ ಅಂಟು, ಮೊಸರನ್ನಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ಇಡೀ ದಿನ ನಡೆದು ಸುಸ್ತಾಗಿ ಬಂದ ರಾತ್ರಿ ಅಮ್ಮನಿಗೆ ಅದಕ್ಕಿಂತ ರುಚಿ ಬೇರೆ ಇರಲಿಲ್ಲ. ಒನಿಗಿರಿ ಎಂಬ ಅನ್ನದ ತ್ರಿಕೋನಗಳಲ್ಲಿ ಉಪ್ಪಿನದ್ದು ವಾಸಿ. ಉಮೆ ಹಣ್ಣಿನದ್ದರಲ್ಲಿ ಕೆಲವೊಮ್ಮೆ ಮೀನಿನ ರಸ ಸೇರಿಸಿರುತ್ತಾರೆ. ಫೋನಿನ ಅನುವಾದದ ಆ್ಯಪ್‌ನಲ್ಲಿ ಪ್ಯಾಕೆಟ್ಟಿಗೆ ಕ್ಯಾಮೆರಾ ಹಿಡಿದು ಓದಿ. ನಲ್ಲಿ ನೀರು ಕುಡಿಯಬಹುದು.

ದೊಡ್ಡ ಊರುಗಳಲ್ಲಿ ಭಾರತೀಯ ಹೋಟೆಲುಗಳಿಗೆ ಕೊರತೆಯಿಲ್ಲ. ಟೋಕಿಯೊದ ನಿಶಿ-ಕಸಾಯ್ ಬಡಾವಣೆಯಲ್ಲಿ ನಮ್ಮವರು ತುಂಬ ಜನ ಇದ್ದಾರೆ.

ಆದರೆ ಜಪಾನಿನ ಅಡುಗೆಯನ್ನೇ, ಮನಸ್ಸಿಗೆ ಅನುಮಾನವಿಲ್ಲದೆ, ಹೊಟ್ಟೆ ತುಂಬ ಉಣ್ಣಬೇಕೆಂದರೆ ಕೋಯಾಸಾನ್‌ಗೆ ಹೋಗಿ. ಒಸಾಕಾದಿಂದ ರೈಲು, ಆಮೇಲೆ ಕೇಬಲ್ ಕಾರ್, ಸುಮಾರು ಎರಡು ಗಂಟೆ. 9ನೇ ಶತಮಾನದಲ್ಲಿ ಕೂಕಾಯ್ ಎಂಬ ಸನ್ಯಾಸಿ ಕಟ್ಟಿದ ಮಠಗಳ ಊರು ಅದು. ಸುಮಾರು 50 ಮಠಗಳು ಯಾತ್ರಿಕರಿಗೆ ರಾತ್ರಿ ತಂಗಲು ಕೋಣೆ ಕೊಡುತ್ತವೆ. ಅಲ್ಲಿಯ ಊಟಕ್ಕೆ 'ಶೋಜಿನ್ ರ್‍ಯೋರಿ' ಎಂದು ಹೆಸರು. ಮಾಂಸ ಇಲ್ಲ, ಮೀನಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ದಶಿಯನ್ನು ಕೊಂಬು ಎಂಬ ಕಡಲಪಾಚಿಯಿಂದ, ಅಣಬೆಯಿಂದ ಮಾಡುತ್ತಾರೆ. ಕೆಂಪು ಅರಗಿನ ತಟ್ಟೆಗಳಲ್ಲಿ ಎಳ್ಳಿನ ತೋಫು, ಬೇಳೆ, ಗೆಡ್ಡೆ, ಸೊಪ್ಪು. ಅಮ್ಮ ಒಂದೊಂದೇ ಬಟ್ಟಲು ಮುಚ್ಚಳ ತೆಗೆದು ನೋಡಿ, ಯಾವುದನ್ನೂ ಕೇಳದೆ, ನೆಮ್ಮದಿಯಾಗಿ ಉಂಡಳು. ಬೆಳಗಿನ ಪೂಜೆಗೂ ಹೋಗಿ ಕೂರಬಹುದು. ಅವರ ಅಗ್ನಿಪೂಜೆಯ ಹೆಸರು 'ಗೋಮ'. ನಮ್ಮ ಹೋಮವೇ ಅಲ್ಲಿಯವರೆಗೆ ಹೋಗಿ ಗೋಮ ಆಗಿದೆ.

ಊಟದ ರೀತಿ ಬಗ್ಗೆ ಮರೆಯಬಾರದ್ದು ಎರಡೇ. ಅನ್ನದಲ್ಲಿ ಚಾಪ್‌ಸ್ಟಿಕ್ ಕಡ್ಡಿಗಳನ್ನು ನೆಟ್ಟಗೆ ನಿಲ್ಲಿಸಬೇಡಿ. ಸತ್ತವರಿಗೆ ಇಡುವ ಅನ್ನದಲ್ಲಿ ಮಾತ್ರ ಹಾಗೆ ನಿಲ್ಲಿಸುತ್ತಾರೆ. ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತಿಂಡಿ ದಾಟಿಸಬೇಡಿ. ದಹನದ ನಂತರ ಅಸ್ಥಿಯನ್ನು ಎತ್ತುವುದು ಆ ರೀತಿ. ಊಟದ ಮನೆಯಲ್ಲಿ ಯಾರಾದರೂ ಪಿಂಡ ಇಡುವ ಹಾಗೆ ಅನ್ನ ಇಟ್ಟರೆ ನಮ್ಮ ಹಿರಿಯರಿಗೆ ಹೇಗಾಗುತ್ತದೆ, ಅವರಿಗೂ ಹಾಗೇ. ಉಳಿದದ್ದೆಲ್ಲ ಸಣ್ಣ ವಿಷಯ. ನೂಡಲ್ಸನ್ನು ಸೊರ್ ಎಂದು ಸದ್ದು ಮಾಡಿ ತಿನ್ನಬಹುದು. ಊಟಕ್ಕೆ ಮೊದಲು 'ಇತದಾಕಿಮಸು', ಮುಗಿದ ಮೇಲೆ 'ಗೊಚಿಸೊಸಾಮ' ಅನ್ನಿ, ಅಡುಗೆಯವರ ಮುಖ ಅರಳುತ್ತದೆ. ಟಿಪ್ಸ್ ಕೊಡಬೇಡಿ. ಬಿಟ್ಟು ಬಂದರೆ 'ದುಡ್ಡು ಮರೆತಿರಿ' ಎಂದು ಹಿಂದೆಯೇ ಓಡಿ ಬರುತ್ತಾರೆ. ಬಿಲ್ ಕೊಡುವಾಗ ದುಡ್ಡನ್ನು ಕೈಗೆ ಕೊಡದೆ ಅಲ್ಲಿಟ್ಟಿರುವ ಸಣ್ಣ ತಟ್ಟೆಯಲ್ಲಿಡಿ.

ಚಪ್ಪಲಿ, ಚಾಪೆ, ಸ್ನಾನ

ಬಾಗಿಲ ಒಳಗೆ ನೆಲ ಒಂದು ಮೆಟ್ಟಿಲಷ್ಟು ಎತ್ತರಕ್ಕೆ ಏರುತ್ತದಲ್ಲ, ಅಲ್ಲಿ ಶೂ ಬಿಡಬೇಕು. ಬಿಚ್ಚಿದ ಕಾಲನ್ನು ಕೆಳಗಿನ ನೆಲಕ್ಕೆ ಇಡದೆ ನೇರ ಮೇಲಿನ ನೆಲಕ್ಕೆ ಇಡಿ. ಒಳಗೆ ಸ್ಲಿಪ್ಪರ್ ಕೊಡುತ್ತಾರೆ. ತತಾಮಿ ಚಾಪೆ ಇರುವ ಕೋಣೆ ಬಂದರೆ ಆ ಸ್ಲಿಪ್ಪರನ್ನೂ ಹೊರಗೆ ಬಿಟ್ಟು ಬರಿ ಕಾಲುಚೀಲದಲ್ಲಿ ಹೋಗಬೇಕು. ಶೌಚಾಲಯದ ಬಾಗಿಲಲ್ಲಿ ಬೇರೆಯೇ ಸ್ಲಿಪ್ಪರ್ ಇರುತ್ತದೆ. ಒಳಗೆ ಹೋಗುವಾಗ ಅದು, ಹೊರಗೆ ಬಂದ ತಕ್ಷಣ ಇದು. ಅದನ್ನೇ ಹಾಕಿಕೊಂಡು ಕೋಣೆಗೆ ಬಂದುಬಿಡುವುದು ಪ್ರವಾಸಿಗರಿಂದ ಆಗುವ ದೊಡ್ಡ ತಪ್ಪು. ಬಚ್ಚಲ ಚಪ್ಪಲಿಯಲ್ಲಿ ಅಡುಗೆಮನೆಗೆ ಬಂದ ಹಾಗೆ ಎಂದು ಹೇಳಿದರೆ ಮನೆಯ ಹಿರಿಯರಿಗೆ ತಕ್ಷಣ ಗೊತ್ತಾಗುತ್ತದೆ.

'ಒನ್ಸೆನ್' ಎಂದರೆ ಬಿಸಿನೀರಿನ ಬುಗ್ಗೆಯ ಸ್ನಾನದ ಮನೆ. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ. ಬಟ್ಟೆಯಿಲ್ಲದೆ ಸ್ನಾನ ಮಾಡಬೇಕು ಎನ್ನುವುದೇ ನಮಗೆ ಅಡ್ಡಿ. ಅದಕ್ಕೂ ದಾರಿ ಇದೆ. 'ಕಶಿಕಿರಿ' ಎಂದು ಕೇಳಿ. ಗಂಟೆಯ ಲೆಕ್ಕದಲ್ಲಿ ಒಂದು ಕುಟುಂಬಕ್ಕೇ ಕೊಡುವ ಖಾಸಗಿ ಕೊಳ ಕೆಲವು ಕಡೆ ಇರುತ್ತದೆ. ಎಲ್ಲಿ ಸ್ನಾನ ಮಾಡಿದರೂ ಕ್ರಮ ಒಂದೇ. ಮೊದಲು ಗೋಡೆ ಪಕ್ಕದ ಸಣ್ಣ ಸ್ಟೂಲಿನ ಮೇಲೆ ಕೂತು ಸೋಪು ಹಾಕಿ ಮೈ ಉಜ್ಜಿ, ನೊರೆ ಪೂರ್ತಿ ಹೋಗುವ ತನಕ ತೊಳೆದುಕೊಳ್ಳಿ. ಆಮೇಲೆ ಕೊಳಕ್ಕೆ ಇಳಿಯಿರಿ. ಕೊಳ ಇರುವುದು ಮೈ ತೊಳೆಯಲು ಅಲ್ಲ, ಸುಮ್ನೆ ಕೂರಲು. ಕೂದಲು ಮೇಲೆ ಕಟ್ಟಿ, ಟವೆಲ್ ನೀರಿಗೆ ತಾಗದಿರಲಿ. ಹಚ್ಚೆ ಇದ್ದರೆ ಎಷ್ಟೋ ಕಡೆ ಬಿಡುವುದಿಲ್ಲ, ಮೊದಲೇ ಕೇಳಿ. ಬಿಪಿ ಇರುವವರು ಹತ್ತು ನಿಮಿಷಕ್ಕಿಂತ ಜಾಸ್ತಿ ಕೂರಬೇಡಿ, ನೀರು ಚೆನ್ನಾಗಿಯೇ ಬಿಸಿ ಇರುತ್ತದೆ.

ಅಲ್ಲಿ ಕೊಡುವ ಯುಕಾತಾ ನಿಲುವಂಗಿ ಉಡುವಾಗ ಎಡಗಡೆಯ ಅಂಚು ಮೇಲೆ ಬರಬೇಕು. ಬಲ ಅಂಚು ಮೇಲೆ ಬರುವಂತೆ ಉಡಿಸುವುದು ಶವಕ್ಕೆ.

ದೇವಸ್ಥಾನಗಳಲ್ಲಿ

'ತೋರಿ' ಎಂಬ ಹೆಬ್ಬಾಗಿಲು ಇದ್ದರೆ ಅದು ಜಪಾನಿನ ಮೂಲ ಧರ್ಮವಾದ ಶಿಂಟೊದ ಗುಡಿ. ಬುದ್ಧನ ದೇವಸ್ಥಾನ ಬೇರೆ. ಶಿಂಟೊ ಗುಡಿಗೆ ಹೋಗುವ ಹಾದಿಯ ನಟ್ಟನಡುವೆ ನಡೆಯಬೇಡಿ, ಅದು ದೇವರು ಓಡಾಡುವ ದಾರಿ. ಪಕ್ಕಕ್ಕೆ ನಡೆಯಿರಿ.

ಮುಂದೆ ಒಂದು ಕಲ್ಲಿನ ತೊಟ್ಟಿ, ಮೇಲೆ ಉದ್ದ ಹಿಡಿಯ ಸೌಟುಗಳು. ಬಲಗೈಯಲ್ಲಿ ಸೌಟು ಹಿಡಿದು ಎಡಗೈ ತೊಳೆಯಿರಿ. ಎಡಗೈಗೆ ಬದಲಿಸಿ ಬಲಗೈ ತೊಳೆಯಿರಿ. ಮತ್ತೆ ಎಡ ಅಂಗೈಗೆ ನೀರು ಸುರಿದು ಅದರಿಂದ ಬಾಯಿ ಮುಕ್ಕಳಿಸಿ, ಪಕ್ಕಕ್ಕೆ ಉಗಿಯಿರಿ. ಸೌಟಿಗೆ ಬಾಯಿ ತಾಗಬಾರದು. ಲೋಟ ಕಚ್ಚಿ ಕುಡಿಯಬೇಡ, ಎತ್ತಿ ಕುಡಿ ಎಂದು ಅಜ್ಜಿಯಿಂದ ಹೇಳಿಸಿಕೊಂಡವರಿಗೆ ಇದನ್ನು ವಿವರಿಸಬೇಕೇ? ಕೊನೆಗೆ ಸೌಟನ್ನು ನೆಟ್ಟಗೆ ಹಿಡಿದರೆ ಉಳಿದ ನೀರು ಹಿಡಿಯ ಮೇಲೆ ಇಳಿದು ಅದನ್ನೂ ತೊಳೆಯುತ್ತದೆ. ಮುಂದೆ ಬರುವವರಿಗೆ ಶುದ್ಧವಾದ ಹಿಡಿ.

ಶಿಂಟೊ ಗುಡಿಯಲ್ಲಿ ಕಾಸು ಹಾಕಿ, ಎರಡು ಸಲ ಬಗ್ಗಿ, ಎರಡು ಸಲ ಚಪ್ಪಾಳೆ ತಟ್ಟಿ, ಕೈ ಮುಗಿದು ಬೇಡಿಕೊಂಡು, ಕೊನೆಗೆ ಇನ್ನೊಮ್ಮೆ ಬಗ್ಗುವುದು ವಾಡಿಕೆ. ಬುದ್ಧನ ಮುಂದೆ ಚಪ್ಪಾಳೆ ಇಲ್ಲ, ಸುಮ್ನೆ ಕೈ ಮುಗಿಯಿರಿ. ಕಾಸು ಎಂದರೆ 5 ಯೆನ್ ನಾಣ್ಯ. ಅದನ್ನು 'ಗೊ-ಎನ್' ಅನ್ನುತ್ತಾರೆ. ಋಣಾನುಬಂಧಕ್ಕೂ ಅವರಲ್ಲಿ ಅದೇ ಉಚ್ಚಾರಣೆಯ ಮಾತು ಇದೆ.

ಕ್ಯೋಟೊದ ಫುಶಿಮಿ ಇನಾರಿ ಎಂಬ ಶಿಂಟೊ ಗುಡಿಗೆ ಟಿಕೆಟ್ ಇಲ್ಲ, ಹಗಲೂ ರಾತ್ರಿ ತೆರೆದಿರುತ್ತದೆ. ಬೆಳಗ್ಗೆ ಆರು ಗಂಟೆಗೇ ಹೋಗಿ. ಎಂಟರ ಮೇಲೆ ಕಾಲಿಡಲು ಜಾಗ ಇರುವುದಿಲ್ಲ. ನಾರಾದ ತೋದಾಯ್-ಜಿಯಲ್ಲಿ ದೊಡ್ಡ ಬುದ್ಧನ ಮುಂದೆ ನಿಂತಾಗ ಒಂದು ನೆನಪಿರಲಿ. 752ರಲ್ಲಿ ಈ ಮೂರ್ತಿಗೆ ಕಣ್ಣು ತೆರೆಸುವ ವಿಧಿ ನಡೆಸಿದವರು ಭಾರತದಿಂದ ಹೋಗಿದ್ದ ಬೋಧಿಸೇನ ಎಂಬ ಭಿಕ್ಷು. ಟೋಕಿಯೊದ ಅಸಾಕುಸಾಕ್ಕೆ ಎಲ್ಲರೂ ಹೋಗುತ್ತಾರೆ, ಅಲ್ಲಿಂದ ಸ್ವಲ್ಪ ನಡೆದರೆ ಮತ್ಸುಚಿಯಾಮಾ ಶೋದೆನ್ ಸಿಗುತ್ತದೆ. ಅಲ್ಲಿಯ ದೇವರು ನಮ್ಮ ಗಣಪತಿ. ಮೂರ್ತಿಯನ್ನು ತೋರಿಸುವುದಿಲ್ಲ, ಕೇಳಲೂ ಬೇಡಿ. ನೈವೇದ್ಯಕ್ಕೆ ಬಿಳಿ ಮೂಲಂಗಿ. ಅಮ್ಮ ಅಲ್ಲೇ ಒಂದು ಮೂಲಂಗಿ ತೊಗೊಂಡು, ಎರಡೂ ಕೈಯಲ್ಲಿ ಹಿಡಿದು ಅರ್ಪಿಸಿದಳು.

ಫೋಟೊ ಬಗ್ಗೆ: ಬೋರ್ಡ್ ನೋಡದೆ ಕ್ಯಾಮೆರಾ ಎತ್ತಬೇಡಿ. ಕೋಯಾಸಾನ್‌ನ ಒಕುನೊಯಿನ್ ಎಂಬ ಸಮಾಧಿ ಸ್ಥಳದಲ್ಲಿ ಕೊನೆಯ ಸೇತುವೆ ದಾಟಿದ ಮೇಲೆ ಫೋಟೊ, ತಿಂಡಿ, ಟೋಪಿ ಯಾವುದೂ ಇಲ್ಲ. ಕ್ಯೋಟೊದ ಗಿಯೋನ್‌ನ ಖಾಸಗಿ ಓಣಿಗಳಲ್ಲಿ ಫೋಟೊ ತೆಗೆದರೆ 10,000 ಯೆನ್ ದಂಡ ಎಂದು ಬೋರ್ಡ್ ಇದೆ. ಗೇಶಾ ಆಗಲು ಕಲಿಯುತ್ತಿರುವ ಮೈಕೊ ಹುಡುಗಿಯರು ಕೆಲಸಕ್ಕೆ ಹೊರಟಿರುತ್ತಾರೆ, ಅವರ ದಾರಿಗೆ ಅಡ್ಡ ನಿಲ್ಲುವುದು ತೀರ ಕೆಟ್ಟದ್ದು.

ಬೀದಿಯಲ್ಲಿ, ಕೆಲಸದ ಜಾಗದಲ್ಲಿ

ಕಸದ ಡಬ್ಬಿ ಹುಡುಕಿದರೂ ಸಿಗುವುದಿಲ್ಲ. 1995ರ ಮಾರ್ಚ್‌ನಲ್ಲಿ ಟೋಕಿಯೊ ಮೆಟ್ರೊದಲ್ಲಿ ಸರಿನ್ ವಿಷಾನಿಲದ ದಾಳಿ ಆದ ಮೇಲೆ ತುಂಬ ಕಡೆ ತೆಗೆದುಬಿಟ್ಟರು. ಆದರೂ ಬೀದಿ ಶುಭ್ರ. ಎಲ್ಲರೂ ಕಸವನ್ನು ಮನೆಗೆ ಒಯ್ಯುತ್ತಾರೆ. ನೀವೂ ಚೀಲದಲ್ಲಿ ಹಾಕಿ ಕೋಣೆಗೆ ತನ್ನಿ. ನಡೆಯುತ್ತಾ ತಿನ್ನುವುದೂ ವಾಡಿಕೆಯಲ್ಲ, ಕೊಂಡ ಅಂಗಡಿಯ ಮುಂದೆಯೇ ನಿಂತು ತಿಂದು ಮುಗಿಸಿ.

ಬೆಂಗಳೂರು, ಬಿಡದಿ ಕಡೆಯ ಕಂಪನಿಗಳಿಂದ ಕೆಲಸದ ಮೇಲೆ ಹೋಗುವವರಿಗೆ ಎರಡು ಮಾತು. ಹತ್ತು ಗಂಟೆ ಎಂದರೆ ಒಂಬತ್ತು ಐವತ್ತೈದಕ್ಕೆ ಅಲ್ಲಿರಿ. ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಲ್ಲಿ ಕೊಟ್ಟು, ಅವರದ್ದನ್ನು ಎರಡೂ ಕೈಯಲ್ಲಿ ತೊಗೊಂಡು, ಓದಿ, ಮೇಜಿನ ಮೇಲಿಡಿ. ಜೇಬಿಗೆ ತುರುಕಬೇಡಿ. ಹೆಸರಿನ ಕೊನೆಗೆ 'ಸಾನ್' ಸೇರಿಸಿ, ನಮ್ಮ 'ಅವರು' ಇದ್ದ ಹಾಗೆ. ನಿಮ್ಮ ಹೆಸರಿಗೆ ನೀವೇ ಸೇರಿಸಿಕೊಳ್ಳಬೇಡಿ. ಉಡುಗೊರೆಗೆ ಮೈಸೂರ್ ಸ್ಯಾಂಡಲ್ ಸೋಪು, ಚಿಕ್ಕಮಗಳೂರಿನ ಕಾಫಿಪುಡಿ ಚೆನ್ನ. ನಾಲ್ಕರ ಲೆಕ್ಕದಲ್ಲಿ ಕೊಡಬೇಡಿ, ನಾಲ್ಕಕ್ಕೂ ಸಾವಿಗೂ ಅವರ ಭಾಷೆಯಲ್ಲಿ ಒಂದೇ ಉಚ್ಚಾರಣೆ. 'ಶಿ'.

ಏನಾದರೂ ಕಳೆದರೆ, ಭೂಮಿ ನಡುಗಿದರೆ

ಒಂದು ಸಂಜೆ ಅಮ್ಮ ಶಾಲನ್ನು ರೈಲಿನಲ್ಲೇ ಬಿಟ್ಟು ಇಳಿದಳು. ಸ್ಟೇಷನ್ನಿನ ಸಿಬ್ಬಂದಿಗೆ ರೈಲಿನ ಸಮಯ, ಹೆಚ್ಚುಕಡಿಮೆ ಎಷ್ಟನೇ ಬೋಗಿ, ಶಾಲಿನ ಬಣ್ಣ ಹೇಳಿದೆವು. ಅವರು ಫೋನ್ ಮಾಡಿದರು. ಎರಡು ಗಂಟೆಯಲ್ಲಿ ಕೊನೆಯ ನಿಲ್ದಾಣದಲ್ಲಿ ಮಡಚಿ ಇಟ್ಟಿದ್ದ ಶಾಲು ಸಿಕ್ಕಿತು. ಹಾಗಾಗಿ ಕಳೆದರೆ ಸುಮ್ನೆ ಕೂರಬೇಡಿ, ಕೇಳಿ. ಬೀದಿಯಲ್ಲಿ ಕಳೆದರೆ 'ಕೋಬಾನ್' ಎಂಬ ಸಣ್ಣ ಪೊಲೀಸ್ ಚೌಕಿಗೆ ಹೋಗಿ. ದಾರಿ ತಪ್ಪಿದರೂ ಅಲ್ಲೇ ಕೇಳಬಹುದು. ಮಾತು ಶುರು ಮಾಡಲು 'ಸುಮಿಮಾಸೆನ್' ಸಾಕು. ಕ್ಷಮಿಸಿ, ಸ್ವಲ್ಪ ಕೇಳಿ, ಥ್ಯಾಂಕ್ಸ್, ಎಲ್ಲಕ್ಕೂ ಆಗುವ ಮಾತು ಅದು.

ಪೊಲೀಸ್ 110, ಆಂಬ್ಯುಲೆನ್ಸ್ ಮತ್ತು ಅಗ್ನಿಶಾಮಕ 119. ಪ್ರಯಾಣ ವಿಮೆ ಇಲ್ಲದೆ ಹಿರಿಯರನ್ನು ಕರೆದೊಯ್ಯಬೇಡಿ. 'ಸೇಫ್ಟಿ ಟಿಪ್ಸ್' ಎಂಬ ಆ್ಯಪ್ ಹಾಕಿಕೊಳ್ಳಿ, ಭೂಕಂಪದ ಎಚ್ಚರಿಕೆ ಇಂಗ್ಲಿಷಿನಲ್ಲಿ ಬರುತ್ತದೆ. ನಡುಕ ಶುರುವಾದರೆ ಹೊರಗೆ ಓಡಬೇಡಿ. ಮೇಜಿನ ಕೆಳಗೆ ತಲೆ ಮುಚ್ಚಿಕೊಂಡು ಕೂತು, ನಡುಕ ನಿಂತ ಮೇಲೆ ಹೋಟೆಲಿನವರು ಹೇಳಿದಂತೆ ಮಾಡಿ. ಸಮುದ್ರದ ಪಕ್ಕ ಇದ್ದರೆ ಯಾರಿಗೂ ಕಾಯದೆ ಎತ್ತರದ ಜಾಗಕ್ಕೆ ನಡೆಯಿರಿ.

ಹೊರಡುವ ದಿನ

ವೆಲ್‌ಕಮ್ ಸುಯಿಕಾದಲ್ಲಿ ಉಳಿದ ದುಡ್ಡು ವಾಪಸ್ ಬರುವುದಿಲ್ಲ. ಏರ್‌ಪೋರ್ಟಿನ ಕೊನ್ಬಿನಿಯಲ್ಲಿ ಬಿಸ್ಕತ್ತು, ಚಹಾ ಕೊಂಡು ಖಾಲಿ ಮಾಡಿ. ಕಾರ್ಡಿನಲ್ಲಿ ದುಡ್ಡು ಸಾಲದಿದ್ದರೆ ಉಳಿದದ್ದನ್ನು ನಾಣ್ಯದಲ್ಲಿ ಕೊಡಬಹುದೇ ಎಂದು ಕೇಳಿ, ನಾಣ್ಯಗಳೂ ಮುಗಿಯುತ್ತವೆ. ನೋಟುಗಳನ್ನು ಬದಲಿಸಿಕೊಳ್ಳಬಹುದು, ನಾಣ್ಯಗಳನ್ನು ಬೆಂಗಳೂರಿನಲ್ಲಿ ಯಾರೂ ತೊಗೊಳ್ಳುವುದಿಲ್ಲ. 5 ಯೆನ್‌ನ ಒಂದು ನಾಣ್ಯ ಮಾತ್ರ ಉಳಿಸಿಕೊಳ್ಳಿ. ಹಳದಿ ಬಣ್ಣ, ನಡುವೆ ತೂತು. ಅಮ್ಮ ಅದಕ್ಕೆ ಕೆಂಪು ದಾರ ಪೋಣಿಸಿ ದೇವರ ಗೂಡಿನ ಮೊಳೆಗೆ ನೇತುಹಾಕಿದ್ದಾಳೆ.